ಚೀನಾಕ್ಕೆ ಹೊಸದಾಗಿ ಬಂದಿದ್ದೀರಾ? ಎದುರಿಗಿರುವವರು ಹುಟ್ಟಿದ ವರ್ಷ ನೋಡಿ

ಶಾಂಘೈ, ಸುಝೌ, ಹಾಂಗ್‌ಝೌ ಕಡೆ ಕೆಲಸಕ್ಕೆ ಬರುವ ನಮ್ಮವರು ತೊಗರಿಬೇಳೆ ಎಲ್ಲಿ ಸಿಗುತ್ತೆ, ಮಕ್ಕಳಿಗೆ ಯಾವ ಶಾಲೆ, ಊರಿಗೆ ದುಡ್ಡು ಕಳಿಸೋದು ಹೇಗೆ ಅಂತ ಮೊದಲು ಕೇಳುತ್ತಾರೆ. ಅದಕ್ಕೆಲ್ಲ ಉತ್ತರ ಹೇಳುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ಈ ದೇಶದ ಚರಿತ್ರೆಯ ಬಗ್ಗೆ. ಪುಲಿಕೇಶಿಯ ಕಾಲದಲ್ಲಿ ಬಂದ ಹ್ಯೂಯೆನ್ ತ್ಸಾಂಗ್ ನಮಗೆ ಗೊತ್ತು, 1962ರ ಯುದ್ಧ ಗೊತ್ತು. ಅವೆರಡರ ಆಚೆಗೆ ಹೆಚ್ಚಿನವರಿಗೆ ಏನೂ ತಿಳಿದಿರುವುದಿಲ್ಲ. ಅಷ್ಟರಲ್ಲೇ ವರ್ಷಗಟ್ಟಲೆ ಇಲ್ಲಿ ಬದುಕಿಬಿಡಬಹುದು, ನಿಜ. ಆದರೆ ಪಕ್ಕದ ಮನೆಯವರು, ಆಫೀಸಿನ ಬಾಸು, ಮನೆ ಓನರ್ ಯಾರೂ ಅರ್ಥವೇ ಆಗುವುದಿಲ್ಲ.

ರಾಜವಂಶಗಳ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ. ಎದುರಿಗಿರುವವರು ಯಾವ ವರ್ಷ ಹುಟ್ಟಿದವರು ಅಂತ ತಿಳಿದುಕೊಳ್ಳಿ, ಸಾಕು. ಇಲ್ಲಿ ವಯಸ್ಸು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಓನರ್ ವಯಸ್ಸಂತೂ ನಿಮ್ಮ ಬಾಡಿಗೆ ಕರಾರಿನಲ್ಲೇ ಇರುತ್ತದೆ. ಅದರಲ್ಲಿರುವ ಅವರ ಗುರುತಿನ ಚೀಟಿಯ 18 ಅಂಕಿಗಳಲ್ಲಿ 7ರಿಂದ 14ರವರೆಗಿನವು ಹುಟ್ಟಿದ ತಾರೀಖು. ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ 1949ರ ನಂತರ ಈ ದೇಶ ಹತ್ತು ಹದಿನೈದು ವರ್ಷಕ್ಕೊಮ್ಮೆ ಬುಡಮೇಲಾಗಿದೆ. ಆ ಏಟು ಯಾರಿಗೆ ಎಷ್ಟನೇ ವಯಸ್ಸಿನಲ್ಲಿ ಬಿತ್ತು ಅನ್ನುವುದರ ಮೇಲೆ ಅವರ ಬದುಕು ನಿಂತಿದೆ.

1955ಕ್ಕಿಂತ ಮೊದಲು ಹುಟ್ಟಿದವರು

ಇವರು ಹಸಿವು ಕಂಡವರು. 1958ರಲ್ಲಿ ಮಾವೋ 'ಮಹಾ ಜಿಗಿತ' ಶುರುಮಾಡಿದರು. ರೈತರ ಹೊಲಗಳೆಲ್ಲ ಕಮ್ಯೂನ್‌ಗಳಿಗೆ, ಅಂದರೆ ಸಾಮೂಹಿಕ ಬೇಸಾಯದ ಘಟಕಗಳಿಗೆ, ಸೇರಿದವು. ಮನೆಯ ಒಲೆ ಆರಿಸಿ ಎಲ್ಲರೂ ಸಾಮೂಹಿಕ ಊಟದ ಮನೆಯಲ್ಲಿ ಉಣ್ಣಬೇಕಾಯಿತು. ಹೊಲದಲ್ಲಿರಬೇಕಾದವರು ಹಿತ್ತಿಲ ಕುಲುಮೆಗಳಲ್ಲಿ ಪಾತ್ರೆ, ಗುದ್ದಲಿ ಕರಗಿಸಿ ಉಕ್ಕು ಮಾಡಲು ಹೋದರು. ಮೇಲಿನವರನ್ನು ಮೆಚ್ಚಿಸಲು ಅಧಿಕಾರಿಗಳು ಬೆಳೆ ನಾಲ್ಕು ಪಟ್ಟು, ಹತ್ತು ಪಟ್ಟು ಬಂದಿದೆ ಅಂತ ಸುಳ್ಳು ಲೆಕ್ಕ ಬರೆದರು. ಆ ಸುಳ್ಳು ಲೆಕ್ಕದ ಮೇಲೆಯೇ ಸರ್ಕಾರ ಧಾನ್ಯ ಎತ್ತಿಕೊಂಡು ಹೋಯಿತು. ಬೆಳೆದವರ ಮನೆಯಲ್ಲಿ ಕಾಳು ಉಳಿಯಲಿಲ್ಲ. 1959ರಲ್ಲಿ ಲೂಷಾನ್‌ನಲ್ಲಿ ನಡೆದ ಪಕ್ಷದ ಸಭೆಯ ಸಮಯದಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹ್ವಾಯ್ ಇದು ತಪ್ಪು ಅಂತ ಮಾವೋಗೆ ಪತ್ರ ಬರೆದರು, ಪದವಿ ಕಳೆದುಕೊಂಡರು. ಆಮೇಲೆ ಬಾಯಿ ಬಿಡುವವರು ಯಾರು? ಆ ಕ್ಷಾಮದಲ್ಲಿ ಸತ್ತವರು 1.5 ಕೋಟಿಯಿಂದ 4.5 ಕೋಟಿ ಅಂತ ಚರಿತ್ರಕಾರರು ಬೇರೆ ಬೇರೆ ಅಂದಾಜು ಕೊಡುತ್ತಾರೆ. ಆನ್‌ಹುಯಿ, ಹೆನಾನ್, ಸಿಚುವಾನ್ ಪ್ರಾಂತ್ಯಗಳಲ್ಲಿ ಊರಿಗೆ ಊರೇ ಖಾಲಿಯಾದವು.

ನಮ್ಮ ಕಟ್ಟಡದಲ್ಲಿರುವ ಒಬ್ಬ ಅಜ್ಜಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಳೆಯ ಧಾನ್ಯದ ಕೂಪನ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಒಮ್ಮೆ ನನ್ನ ಅಂಗೈ ಮೇಲೆ ಅಂಚೆ ಚೀಟಿಯಷ್ಟೇ ಇರುವ ಒಂದು ಕಾಗದ ಇಟ್ಟರು. ಅರ್ಧ ಲಿಯಾಂಗ್, ಅಂದರೆ 25 ಗ್ರಾಂ ಧಾನ್ಯದ ಕೂಪನ್. ಅಷ್ಟು ಸಣ್ಣ ಕೂಪನ್‌ಗೆ ಶಾಂಘೈ ಹೆಸರುವಾಸಿ. ಬೆಳಗಿನ ತಿಂಡಿಗೆ ಒಂದು ಯೋತಿಯಾವ್, ಆ ಉದ್ದನೆಯ ಕರಿದ ಹಿಟ್ಟಿನ ಕಡ್ಡಿ, ಕೊಳ್ಳಬೇಕಿದ್ದರೆ ಕಾಸಿನ ಜೊತೆ ಇದನ್ನೂ ಕೊಡಬೇಕಿತ್ತು. 1955ರಲ್ಲಿ ಶುರುವಾದ ಈ ಕೂಪನ್ ಪದ್ಧತಿ ಮುಗಿದದ್ದು 1993ರ ಹೊತ್ತಿಗೆ. ಇಂಥ ಮನೆಗೆ ಊಟಕ್ಕೆ ಹೋದಾಗ ಅವರು ನಿಮ್ಮ ತಟ್ಟೆಗೆ ಬಡಿಸುತ್ತಲೇ ಇರುತ್ತಾರೆ. ನೀವು ಸಸ್ಯಾಹಾರಿಗಳಾಗಿದ್ದರೆ ಮೊದಲೇ ಹೇಳಿಬಿಡಿ. ತಟ್ಟೆಯಲ್ಲಿ ಅನ್ನ ಬಿಟ್ಟು ಮಾತ್ರ ಏಳಬೇಡಿ.

ಶಾಲೆ ತಪ್ಪಿಸಿಕೊಂಡ ತಲೆಮಾರು

1947ರಿಂದ 1960ರ ನಡುವೆ ಹುಟ್ಟಿದವರ ಓದನ್ನು, ಹಳೆಯದನ್ನೆಲ್ಲ ಅಳಿಸಬೇಕು ಅಂತ ಮಾವೋ ಎಬ್ಬಿಸಿದ ಸಾಂಸ್ಕೃತಿಕ ಕ್ರಾಂತಿ ನುಂಗಿತು. 1966ರಿಂದ 1976ರವರೆಗೆ ಹತ್ತು ವರ್ಷ. ಕೆಂಪು ಕಾವಲುಪಡೆ ಅಂತ ಹೆಸರಿಟ್ಟುಕೊಂಡ ಹೈಸ್ಕೂಲು ಮಕ್ಕಳು ತಮ್ಮ ಮೇಷ್ಟ್ರುಗಳನ್ನೇ ಸಾರ್ವಜನಿಕವಾಗಿ ಹೊಡೆದರು. ಗುಡಿ ಒಡೆದರು, ಪುಸ್ತಕ ಸುಟ್ಟರು. ಇಂದು ಪಾರ್ಕಿನಲ್ಲಿ ಕೂತು ಇಸ್ಪೀಟು ಆಡುವ ಇಬ್ಬರು ಅಜ್ಜಂದಿರಲ್ಲಿ ಒಬ್ಬರು ಅಂದು ಹೊಡೆದವರಿರಬಹುದು, ಇನ್ನೊಬ್ಬರು ಹೊಡೆಸಿಕೊಂಡವರ ಮಗ ಇರಬಹುದು. ಅದು ಅವರಿಗೂ ಗೊತ್ತಿರುತ್ತದೆ. ಇದನ್ನು ನೀವಾಗಿ ಕೆದಕಲು ಹೋಗಬೇಡಿ.

1968ರ ಕೊನೆಗೆ ಓದಿದ ಹುಡುಗ ಹುಡುಗಿಯರೆಲ್ಲ ಹಳ್ಳಿಗೆ ಹೋಗಿ ರೈತರಿಂದ ಕಲಿಯಬೇಕು ಅಂತ ಮಾವೋ ಅಪ್ಪಣೆ ಮಾಡಿದರು. ಒಟ್ಟು ಸುಮಾರು 1.7 ಕೋಟಿ ಮಂದಿ ಹೀಗೆ ಹೋದರು. ಶಾಂಘೈನ ಹದಿನಾರು ಹದಿನೇಳರ ಮಕ್ಕಳು ಹೈಲಾಂಗ್‌ಜಿಯಾಂಗ್‌ನ ಹಿಮದಲ್ಲಿ, ಯುನ್ನಾನ್‌ನ ರಬ್ಬರ್ ತೋಟಗಳಲ್ಲಿ ದುಡಿದರು. ಈಗಿನ ಅಧ್ಯಕ್ಷ ಷಿ ಜಿನ್‌ಪಿಂಗ್ ಕೂಡ ಶಾಂಕ್ಸಿ ಪ್ರಾಂತ್ಯದ ಲಿಯಾಂಗ್‌ಜಿಯಾಹೆ ಅನ್ನುವ ಹಳ್ಳಿಯಲ್ಲಿ, ಗುಡ್ಡ ಕೊರೆದು ಮಾಡಿದ ಗುಹೆಮನೆಯಲ್ಲಿ ಏಳು ವರ್ಷ ಇದ್ದವರು.

1976 ಒಂದೇ ವರ್ಷದಲ್ಲಿ ಏನೆಲ್ಲ ಆಗಿಹೋಯಿತು ನೋಡಿ. ಜನವರಿಯಲ್ಲಿ ಪ್ರಧಾನಿ ಚೌ ಎನ್‌ಲಾಯ್ ತೀರಿಕೊಂಡರು. ಜುಲೈ 28ರ ನಸುಕಿನಲ್ಲಿ ತಾಂಗ್‌ಷಾನ್ ನಗರ ಭೂಕಂಪಕ್ಕೆ ಕುಸಿಯಿತು, ಸರ್ಕಾರದ ಲೆಕ್ಕದಲ್ಲೇ 2.4 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಸೆಪ್ಟೆಂಬರ್ 9ಕ್ಕೆ ಮಾವೋ ಹೋದರು. ತಿಂಗಳೊಳಗೆ ಸಾಂಸ್ಕೃತಿಕ ಕ್ರಾಂತಿಯ ಮುಂದಾಳುಗಳಾಗಿದ್ದ, ಅವರ ಹೆಂಡತಿ ಜಿಯಾಂಗ್ ಚಿಂಗ್ ಸೇರಿದ ನಾಲ್ವರ ಕೂಟ ಜೈಲು ಸೇರಿತು.

ಮರುವರ್ಷ, 1977ರ ಚಳಿಗಾಲದಲ್ಲಿ, ನಿಂತೇಹೋಗಿದ್ದ ಕಾಲೇಜು ಪ್ರವೇಶ ಪರೀಕ್ಷೆ ಮತ್ತೆ ನಡೆಯಿತು. ಈ ಪರೀಕ್ಷೆಯ ಹೆಸರು ಗಾವ್‌ಕಾವ್, ಇದನ್ನು ನೀವು ದಿನಾ ಕೇಳುತ್ತೀರಿ. ಹದಿಹರೆಯದವರಿಂದ ಹಿಡಿದು ಮೂವತ್ತು ದಾಟಿದವರವರೆಗೆ ಸುಮಾರು 57 ಲಕ್ಷ ಜನ ಬರೆದರು. ಸೀಟು ಸಿಕ್ಕಿದ್ದು ಸುಮಾರು 2.7 ಲಕ್ಷ ಮಂದಿಗೆ. ಇಂದಿಗೂ ಜೂನ್ ತಿಂಗಳಲ್ಲಿ ಪರೀಕ್ಷೆ ನಡೆಯುವಾಗ ಶಾಲೆಯ ಸುತ್ತ ವಾಹನಗಳು ಹಾರ್ನ್ ಮಾಡುವುದಿಲ್ಲ, ಪಕ್ಕದ ಕಟ್ಟಡ ಕೆಲಸ ನಿಲ್ಲುತ್ತದೆ. ನಿಮ್ಮ ಸಹೋದ್ಯೋಗಿ ಮಗನ ಪರೀಕ್ಷೆಗೆ ರಜೆ ಕೇಳಿದರೆ ಸುಮ್ನೆ ಕೊಟ್ಟುಬಿಡಿ. ಆ ಮನೆಯ ಹಿರಿಯರಲ್ಲಿ ಯಾರಾದರೂ ಈ ಪರೀಕ್ಷೆಗಾಗಿ ವರ್ಷಗಟ್ಟಲೆ ಕಾದವರಿರಬಹುದು.

ನಿಮ್ಮ ಬಾಸ್ ಕಂಡ ಚೀನಾ

1960ರ ನಂತರ ಹುಟ್ಟಿದವರು ಬೆಳೆದದ್ದು ಸುಧಾರಣೆಯ ಕಾಲದಲ್ಲಿ. 1978ರ ಡಿಸೆಂಬರ್‌ನಲ್ಲಿ, ಮಾವೋ ನಂತರ ದೇಶದ ಚುಕ್ಕಾಣಿ ಹಿಡಿದ ಡೆಂಗ್ ಷಿಯಾಪಿಂಗ್ ಆರ್ಥಿಕತೆಯ ದಾರಿ ಬದಲಿಸಿದರು ಅಂತ ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆನ್‌ಹುಯಿಯ ಷಿಯಾವ್‌ಗಾಂಗ್ ಎಂಬ ಹಳ್ಳಿಯ ಕಥೆ. ಅದೇ ಚಳಿಗಾಲ 18 ಮನೆಯ ರೈತರು ಗುಟ್ಟಾಗಿ ಸೇರಿ ಕಮ್ಯೂನ್ ಹೊಲವನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡು, ಒಂದು ಕಾಗದಕ್ಕೆ ಕೆಂಪು ಶಾಯಿಯ ಹೆಬ್ಬೆಟ್ಟು ಒತ್ತಿದರು. ಮುಖಂಡರು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕು ಅಂತ ಅದರಲ್ಲಿ ಬರೆದುಕೊಂಡಿದ್ದರು. ಮರುವರ್ಷ ಬೆಳೆ ಸಮೃದ್ಧವಾಗಿ ಬಂತು. ಕೆಲವೇ ವರ್ಷದಲ್ಲಿ ದೇಶವೆಲ್ಲ ಅದೇ ದಾರಿ ಹಿಡಿಯಿತು.

1980ರಲ್ಲಿ ಶೆನ್‌ಝೆನ್ ವಿಶೇಷ ಆರ್ಥಿಕ ವಲಯವಾಯಿತು. 1992ರಲ್ಲಿ ಡೆಂಗ್ ದಕ್ಷಿಣ ಪ್ರವಾಸ ಮಾಡಿ ಇನ್ನಷ್ಟು ವೇಗ ಕೊಟ್ಟರು. ನೀವು ಕೆಲಸ ಮಾಡುವ ಶಾಂಘೈನ ಪುಡಾಂಗ್‌ ಭಾಗದ ಗಗನಚುಂಬಿಗಳೆಲ್ಲ ಆಮೇಲೆ ಎದ್ದವು. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಇದೇ ಕಾಲದ ಇನ್ನೊಂದು ಮುಖ ಹೊಸಬರಿಗೆ ಕಾಣುವುದಿಲ್ಲ. 1990ರ ದಶಕದ ಕೊನೆಯಲ್ಲಿ ಸರ್ಕಾರಿ ಕಾರ್ಖಾನೆಗಳು ಕೋಟಿಗಟ್ಟಲೆ ಕೆಲಸಗಾರರನ್ನು ಮನೆಗೆ ಕಳಿಸಿದವು. ಮನೆ, ಆಸ್ಪತ್ರೆ, ಮಕ್ಕಳ ಶಾಲೆ ಎಲ್ಲವನ್ನೂ ಅದೇ ಕಾರ್ಖಾನೆ ಕೊಡುತ್ತಿತ್ತು. ಸುಝೌ ತೊರೆಯ ದಂಡೆಯಲ್ಲಿ ಎಂ50 ಅನ್ನುವ ಕಲಾ ಗ್ಯಾಲರಿಗಳ ಜಾಗವಿದೆ, ಫೋಟೋ ತೆಗೆಯಲು ಎಲ್ಲರೂ ಹೋಗುತ್ತಾರೆ. ಅದೊಂದು ಹಳೆಯ ಬಟ್ಟೆ ಗಿರಣಿ. ಅಂಥ ಗಿರಣಿಗಳಿಂದ ನಲವತ್ತನೇ ವಯಸ್ಸಿಗೆ ಬೀದಿಗೆ ಬಿದ್ದ ಹೆಂಗಸರಲ್ಲಿ ಎಷ್ಟೋ ಮಂದಿ ಮನೆಗೆಲಸ ಹಿಡಿದರು, ತಿಂಡಿ ಗಾಡಿ ಇಟ್ಟರು.

1980ರ ನಂತರ ಹುಟ್ಟಿದ ನಿಮ್ಮ ವಯಸ್ಸಿನವರ ಮೇಲೆ ಒಂದೇ ಮಗು ನೀತಿಯ ಭಾರವಿದೆ. 2016ರಲ್ಲಿ ಎರಡು ಮಗು, 2021ರಲ್ಲಿ ಮೂರು ಮಗು ಅಂತ ಸಡಿಲವಾದರೂ, ಈಗ 35-40ರಲ್ಲಿರುವ ನಗರದ ಹೆಚ್ಚಿನ ದಂಪತಿಗೆ ಅಣ್ಣ ತಂಗಿ ಅಂತ ಯಾರೂ ಇರುವುದಿಲ್ಲ. ನಾಲ್ಕು ಜನ ಹಿರಿಯರನ್ನು ಇಬ್ಬರೇ ನೋಡಿಕೊಳ್ಳಬೇಕು. ನಿಮ್ಮ ಚಿಕ್ಕಪ್ಪ, ಅತ್ತೆ, ಕಸಿನ್‌ಗಳ ಮದುವೆ ಫೋಟೋ ತೋರಿಸಿ, ಬಹಳ ಆಸೆಯಿಂದ ನೋಡುತ್ತಾರೆ.

ಯಾರೂ ಕಾಣದಿದ್ದರೂ ಎಲ್ಲರಿಗೂ ನೆನಪಿರುವುದು

1840ರಿಂದ 1949ರವರೆಗಿನದ್ದನ್ನು ಇಲ್ಲಿನ ಮಕ್ಕಳು ಅವಮಾನದ ನೂರು ವರ್ಷ ಅಂತ ಕಲಿಯುತ್ತಾರೆ. ಅದರ ಆರಂಭದಲ್ಲೇ ನಮ್ಮ ದೇಶವೂ ಇದೆ. ಬ್ರಿಟಿಷರು ಇಲ್ಲಿ ಮಾರಿದ ಅಫೀಮು ಬೆಳೆದದ್ದು ಬಿಹಾರ, ಮಾಳ್ವಗಳಲ್ಲಿ, ಹಡಗು ಹತ್ತಿದ್ದು ಕಲ್ಕತ್ತಾ, ಬೊಂಬಾಯಿಗಳಲ್ಲಿ. ಬೊಂಬಾಯಿಯಲ್ಲಿ ಅಫೀಮು ವ್ಯಾಪಾರದಿಂದ ಬೆಳೆದ ಸಸ್ಸೂನ್ ಮನೆತನದ ಕಟ್ಟಡ ಶಾಂಘೈನ ಬಂಡ್ ರಸ್ತೆಯಲ್ಲಿ ಈಗ ಪೀಸ್ ಹೋಟೆಲ್. ಗುವಾಂಗ್‌ಝೌಗೆ ಸರಕು ಕೊಳ್ಳಲು ಹೋಗುವ ನಮ್ಮವರಿಗೆಲ್ಲ ಸಾನ್‌ಯುವಾನ್‌ಲಿ ಪರಿಚಿತ ಜಾಗ. ಅಫೀಮು ಯುದ್ಧ ನಡೆಯುತ್ತಿದ್ದ 1841ರ ಮೇ ತಿಂಗಳಲ್ಲಿ ಅಲ್ಲಿ ಊರ ಜನ ಸುತ್ತುಗಟ್ಟಿದ ಬ್ರಿಟಿಷ್ ಪಡೆಯಲ್ಲಿ ಮದ್ರಾಸ್ ಸೈನ್ಯದ ನಮ್ಮ ಸಿಪಾಯಿಗಳಿದ್ದರು. ಮಳೆಗೆ ಬಂದೂಕು ಒದ್ದೆಯಾಗಿ ಗುಂಡು ಹಾರಲಿಲ್ಲ. ಅಲ್ಲಿ ಸ್ಮಾರಕವಿದೆ, ಚೀನೀ ಮಕ್ಕಳ ಪಾಠದಲ್ಲೂ ಆ ಊರಿನ ಹೆಸರಿದೆ.

ಜಪಾನ್ ವಿಷಯದಲ್ಲಿ ಮಾತ್ರ ತುಂಬಾ ಜೋಪಾನ. 1937ರ ಡಿಸೆಂಬರ್ 13ಕ್ಕೆ ನಾಂಜಿಂಗ್ ಬಿದ್ದ ಮೇಲೆ ಜಪಾನಿ ಸೈನ್ಯ ಮಾಡಿದ ಹತ್ಯಾಕಾಂಡದಲ್ಲಿ ಸತ್ತವರು 3 ಲಕ್ಷ ಎಂದು ಚೀನಾ ಹೇಳುತ್ತದೆ. ಪ್ರತಿ ವರ್ಷ ಆ ದಿನ ಬೆಳಿಗ್ಗೆ ನಾಂಜಿಂಗ್‌ನಲ್ಲಿ ಸೈರನ್ ಮೊಳಗುತ್ತದೆ, ಜನ ನಿಂತಲ್ಲೇ ನಿಲ್ಲುತ್ತಾರೆ. ನೀವೂ ನಿಲ್ಲಿ. ಆಫೀಸ್ ಪಾರ್ಟಿಯನ್ನು ಆ ದಿನಕ್ಕಾಗಲಿ, ಸೆಪ್ಟೆಂಬರ್ 18ಕ್ಕಾಗಲಿ ಇಟ್ಟುಕೊಳ್ಳಬೇಡಿ. 1931ರ ಆ ದಿನವೇ ಜಪಾನ್ ಮಂಚೂರಿಯಾಕ್ಕೆ ಕೈ ಹಾಕಿದ್ದು.

ಬಾಯಿ ಬಿಗಿಹಿಡಿಯಬೇಕಾದ ಜಾಗ

1989ರ ವಸಂತದಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ವಿದ್ಯಾರ್ಥಿಗಳು ವಾರಗಟ್ಟಲೆ ಕೂತರು. ಜೂನ್ 3ರ ರಾತ್ರಿ, 4ರ ನಸುಕಿನಲ್ಲಿ ಸೈನ್ಯ ಗುಂಡು ಹಾರಿಸಿತು. ಸತ್ತವರ ಅಂದಾಜು ನೂರಾರರಿಂದ ಸಾವಿರಾರರವರೆಗೆ ಇದೆ. ಇದರ ಬಗ್ಗೆ ಇಲ್ಲಿನ ಮೆಸೇಜ್ ಆ್ಯಪ್ ವೀಚಾಟ್‌ನಲ್ಲಿ ಒಂದಕ್ಷರವೂ ಬರೆಯಬೇಡಿ. ನಿಮಗಿಂತ ಜಾಸ್ತಿ ತೊಂದರೆ ಆಗುವುದು ಅದನ್ನು ಪಡೆದ ಚೀನೀ ಗೆಳೆಯರಿಗೆ. ನಮ್ಮ ಕನ್ನಡದ ಗುಂಪುಗಳಿಗೂ ಇದೇ ನಿಯಮ.

ಮೈಸೂರು, ಕೊಡಗಿನ ಕಡೆಯವರಿಗೆ ಇನ್ನೊಂದು ಮಾತು. ನಿಮ್ಮ ಫೋನಿನಲ್ಲಿ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಫೋಟೋ ಇದ್ದೇ ಇರುತ್ತದೆ, ಅಲ್ವಾ? 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಬೈಲಕುಪ್ಪೆ, ಮುಂಡಗೋಡಿನಲ್ಲಿ ಟಿಬೆಟಿನವರು ನೆಲೆಸಿದ್ದು ನಮಗೆ ಊರಿನ ಸಾಮಾನ್ಯ ಸಂಗತಿ. ಇಲ್ಲಿ ಅದು ರಾಜಕೀಯ. ಆಫೀಸಿನಲ್ಲಿ ತೋರಿಸಬೇಡಿ. 1962ರ ಬಗ್ಗೆಯೂ ವಾದಕ್ಕೆ ಇಳಿಯುವುದು ಬೇಡ. ನಮ್ಮಲ್ಲಿ ಉಳಿದಿರುವಷ್ಟು ನೋವು ಆ ಯುದ್ಧದ ಬಗ್ಗೆ ಇಲ್ಲಿನ ಸಾಮಾನ್ಯರಲ್ಲಿ ನಾನು ಕಂಡಿಲ್ಲ.

ಭಾರತದ ಬಗ್ಗೆ ಮಾತು ಬಂದರೆ ಡಾಕ್ಟರ್ ಕೋಟ್ನಿಸ್ ಹೆಸರು ಹೇಳಿ. ನಮ್ಮ ವಿಜಯಪುರದ ಪಕ್ಕದ ಸೊಲ್ಲಾಪುರದವರು. 1938ರಲ್ಲಿ ಭಾರತದಿಂದ ಬಂದ ಐವರು ವೈದ್ಯರಲ್ಲಿ ಒಬ್ಬರು. ಜಪಾನ್ ವಿರುದ್ಧದ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡುತ್ತಾ, ಇಲ್ಲಿಯವರನ್ನೇ ಮದುವೆಯಾಗಿ, 1942ರ ಡಿಸೆಂಬರ್‌ನಲ್ಲಿ 32ನೇ ವಯಸ್ಸಿಗೆ ತೀರಿಕೊಂಡರು. ಅರವತ್ತು ದಾಟಿದವರು ಆ ಹೆಸರು ಕೇಳಿದ ಕೂಡಲೇ ಗುರುತು ಹಿಡಿಯುತ್ತಾರೆ. ಅವರ ಸಮಾಧಿ ಹೆಬೆಯ್ ಪ್ರಾಂತ್ಯದ ಶಿಜಿಯಾಝುವಾಂಗ್‌ನ ಹುತಾತ್ಮರ ಸ್ಮಶಾನದಲ್ಲಿದೆ. ಬೀಜಿಂಗ್‌ನಿಂದ ವೇಗದ ರೈಲಿನಲ್ಲಿ ಒಂದೂವರೆ ಗಂಟೆ ಸಾಕು.

ಶಾಂಘೈನಲ್ಲೇ ಇದ್ದರೆ ಮೊದಲು ಸುಝೌ ತೊರೆಯ ಪಕ್ಕದ ಸಿಹಾಂಗ್ ಗೋದಾಮಿಗೆ ಹೋಗಿ. 1937ರ ಅಕ್ಟೋಬರ್ ಕೊನೆಯಲ್ಲಿ ನಾನೂರು ಚಿಲ್ಲರೆ ಚೀನೀ ಸೈನಿಕರು ಇದರೊಳಗಿಂದ ಜಪಾನಿ ಸೈನ್ಯವನ್ನು ತಡೆದರು. ತೊರೆಯ ಆಚೆ ವಿದೇಶಿಯರ ಪ್ರದೇಶ, ಅಲ್ಲಿ ಜನ ಗುಂಪುಗಟ್ಟಿ ನೋಡುತ್ತಿದ್ದರು. ಪಶ್ಚಿಮದ ಗೋಡೆಯಲ್ಲಿ ಗುಂಡಿನ ತೂತುಗಳನ್ನು ಹಾಗೆಯೇ ಕಾಣುವಂತೆ ಇಟ್ಟಿದ್ದಾರೆ. ಆಮೇಲೆ ಷಿನ್‌ತಿಯಾನ್‌ದಿಗೆ ಹೋದರೆ, 1921ರಲ್ಲಿ ಕಮ್ಯುನಿಸ್ಟ್ ಪಕ್ಷದ ಮೊದಲ ಅಧಿವೇಶನ ಶುರುವಾದ ಮನೆ ಇದೆ. ಹೊರಡುವಾಗ ಪಾಸ್‌ಪೋರ್ಟ್ ಜೊತೆಗಿರಲಿ. ಸೋಮವಾರ ಬೇಡ, ಹೆಚ್ಚಿನ ಮ್ಯೂಸಿಯಂಗಳಿಗೆ ಅಂದು ರಜೆ.