ಆ್ಯಪ್ ಮಾಡಿಸುವ ಮುಂಚೆ ಅಂಗಡಿಯಲ್ಲಿ ಹೋಗಿ ಕೂತುಕೊಳ್ಳಿ

ಸ್ಟಾರ್ಟಪ್ ಮಾಡಬೇಕು ಅಂತ ಹೊರಟ ತುಂಬಾ ಜನ ಮೊದಲು ಡೆವಲಪರ್ ಹುಡುಕುತ್ತಾರೆ. ದಯವಿಟ್ಟು ಆ ಕೆಲಸ ಕೊನೆಗೆ ಇಟ್ಟುಕೊಳ್ಳಿ. ನಾನು, ನನ್ನ ಗೆಳೆಯ ಇಬ್ಬರೂ ಸೇರಿ ಟೈಲರ್ ಅಂಗಡಿಗಳಿಗೆ ಅಳತೆ ಬರೆದಿಡುವ ಆ್ಯಪ್ ಮಾಡಲು ಏಳು ತಿಂಗಳು ಕಳೆದೆವು. ಶುರು ಮಾಡುವ ಮುಂಚೆ ಹದಿನೈದು ಅಂಗಡಿಗೆ ಹೋಗಿ, "ಅಣ್ಣಾ, ಇಂಥದ್ದೊಂದು ಇದ್ದರೆ ಬಳಸ್ತೀರಾ?" ಅಂತ ಕೇಳಿದ್ದೆವು. ಎಲ್ಲರೂ "ಓ, ಒಳ್ಳೇದೇ ಅಲ್ವಾ, ಮಾಡಿ" ಅಂದರು. ಆ್ಯಪ್ ಕೈಗೆ ಕೊಟ್ಟ ಎರಡನೇ ವಾರಕ್ಕೆ ಒಬ್ಬರೂ ಅದನ್ನು ತೆರೆಯುತ್ತಿರಲಿಲ್ಲ.

ಅವರು ಸುಳ್ಳು ಹೇಳಿರಲಿಲ್ಲ, ನಮ್ಮ ಪ್ರಶ್ನೆಯೇ ತಪ್ಪು. ಎದುರಿಗೆ ನಿಂತು ಆಸೆಯಿಂದ ಕೇಳುವ ಹುಡುಗರಿಗೆ ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತೆ? ಹಾಗಾಗಿ ನಿಮ್ಮ ಐಡಿಯಾ ಹೇಳಲೇಬೇಡಿ. ಆಗಿಹೋದದ್ದನ್ನು ಕೇಳಿ. "ಹೋದ ವಾರ ಯಾವ ಗಿರಾಕಿ ಜೊತೆ ಕಿರಿಕಿರಿ ಆಯ್ತು? ಆಮೇಲೆ ಏನು ಮಾಡಿದ್ರಿ? ಅದಕ್ಕೆ ಎಷ್ಟು ಖರ್ಚಾಯ್ತು?" ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದ ಮೇಲೆ ನಿಗಾ ಇಡಿ. ತೊಂದರೆ ತೊಂದರೆ ಅಂತಾರೆ, ಆದರೆ ಅದನ್ನು ಸರಿಮಾಡಿಕೊಳ್ಳಲು ಇದುವರೆಗೆ ಒಂದು ರೂಪಾಯಿಯನ್ನೂ ಅರ್ಧ ದಿನವನ್ನೂ ಖರ್ಚು ಮಾಡಿಲ್ಲ ಅಂದರೆ, ನಿಮಗೂ ಕೊಡುವುದಿಲ್ಲ.

ಕೇಳಿದ ಮೇಲೆ ಸುಮ್ನೆ ಕೂತು ನೋಡಿ. ಒಂದು ಅಂಗಡಿಯಲ್ಲಿ ನಾನು ಇಡೀ ಶನಿವಾರ ಕೂತಿದ್ದೆ. ಮಾಸ್ಟರ್ ಹತ್ತಿರ ಅಂಚು ಕಪ್ಪಾದ ಒಂದು ಅಳತೆ ಪುಸ್ತಕ ಇತ್ತು, ಬೆನ್ನು ಕಿತ್ತುಹೋಗಿದ್ದಕ್ಕೆ ಅವರೇ ದಾರ ಹಾಕಿ ಹೊಲಿದಿದ್ದರು. ಪ್ರತಿ ಚೀಟಿಗೂ ಆ ಬಟ್ಟೆಯದೇ ಒಂದು ತುಂಡನ್ನು ಗುಂಡುಪಿನ್ನಿನಿಂದ ಚುಚ್ಚಿಟ್ಟಿದ್ದರು. ಯಾರ ಅಳತೆ ಕೇಳಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆಯುತ್ತಿದ್ದರು. ಅಳತೆಯಲ್ಲಿ ಅವರಿಗೆ ಕಷ್ಟವೇ ಇರಲಿಲ್ಲ! ಕಷ್ಟ ಇದ್ದದ್ದು ಅವರ ಬೆನ್ನ ಹಿಂದಿನ ಕಂಬಿಯಲ್ಲಿ. ಹೊಲಿದು, ಇಸ್ತ್ರಿ ಮಾಡಿ, ಕವರ್ ಹಾಕಿದ ಬ್ಲೌಸುಗಳು ಅಲ್ಲಿ ಸಾಲಾಗಿ ನೇತಾಡುತ್ತಿದ್ದವು. ಆಗ ಶ್ರಾವಣ, ಅದರಲ್ಲಿ ಕೆಲವು ಯುಗಾದಿಗೆ ಕೊಟ್ಟವು. "ನನ್ನ ದುಡ್ಡೆಲ್ಲಾ ಅಲ್ಲೇ ನೇತಾಡ್ತಿದೆ ನೋಡಿ" ಅಂದರು.

ಇಂಥದ್ದು ಸಿಕ್ಕಾಗ ಕೈಯಿಂದಲೇ ಮಾಡಿ ನೋಡಿ. ನಾವು ಮೂರು ಅಂಗಡಿ ಹಿಡಿದೆವು. ದಿನಾ ಸಂಜೆ ಹೋಗಿ ಚೀಟಿ ನೋಡಿ ಒಬ್ಬೊಬ್ಬರಿಗೂ ವಾಟ್ಸಾಪ್ ಮಾಡುತ್ತಿದ್ದೆವು: "ಮೇಡಂ, ನಿಮ್ಮ ಎರಡು ಬ್ಲೌಸ್ ರೆಡಿ ಇದೆ, ಬಾಕಿ 450 ರೂಪಾಯಿ, ರಾತ್ರಿ 9ರವರೆಗೆ ಅಂಗಡಿ ತೆಗೆದಿರುತ್ತೆ." ಬರೀ ಮೆಸೇಜಿಗೆ ಬಂದವರು ಕಡಿಮೆ. ಹೊಲಿದ ಬ್ಲೌಸಿನ ಫೋಟೋ ಜೊತೆಗೆ ಕಳಿಸಿದಾಗ ಜಾಸ್ತಿ ಜನ ಬಂದರು. ಈ ಬದಲಾವಣೆ ಮಾಡಲು ನಮಗೆ ಬೇಕಾದದ್ದು ಒಂದು ಸಂಜೆ ಅಷ್ಟೇ, ಆ್ಯಪ್ ಆಗಿದ್ದರೆ ವಾರಗಟ್ಟಲೆ ಹಿಡಿಯುತ್ತಿತ್ತು.

ದೊಡ್ಡವರೂ ಹೀಗೇ ಶುರು ಮಾಡಿದ್ದು. 2005ರ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದ ಫಣೀಂದ್ರ ಸಾಮ, ಗೆಳೆಯರ ಜೊತೆ ಸೇರಿ ಮೊದಲು ಬಸ್ ಮಾಲೀಕರಿಗೆ ಸಾಫ್ಟ್‌ವೇರ್ ಕೊಡಲು ಹೋದರು. ಮಾಲೀಕರಿಗೆ ಅದು ಬೇಕಿರಲಿಲ್ಲ. ಆಗ ಒಂದಷ್ಟು ಸೀಟು ಪಡೆದು ತಾವೇ ಆನ್‌ಲೈನ್‌ನಲ್ಲಿ ಮಾರಿದರು. 2006ರಲ್ಲಿ ರೆಡ್‌ಬಸ್ ಶುರುವಾದದ್ದು ಹಾಗೆ. 2007ರಲ್ಲಿ, ಆಗ ಆನ್‌ಲೈನ್‌ನಲ್ಲಿ ಪುಸ್ತಕ ಮಾರುತ್ತಿದ್ದ ಫ್ಲಿಪ್‌ಕಾರ್ಟ್‌ಗೆ ಮೊದಲ ಆರ್ಡರ್ ಬಂದಾಗ ಅವರ ಹತ್ತಿರ ಆ ಪುಸ್ತಕವೇ ಇರಲಿಲ್ಲ, ಬೆಂಗಳೂರಿನ ಅಂಗಡಿಗಳಲ್ಲಿ ಹುಡುಕಿ ತಂದು ಕಳಿಸಿದರು.

ದುಡ್ಡು ಬೇಗ ಕೇಳಿ. ಮುಜುಗರ ಆಗುತ್ತೆ, ಆದರೂ ಕೇಳಿ. ಮೂರನೇ ವಾರ ನಾವು ತಿಂಗಳಿಗೆ 200 ರೂಪಾಯಿ, ಮುಂಗಡ ಅಂದೆವು. ಒಬ್ಬರು ಅಲ್ಲೇ ಯುಪಿಐ ಮಾಡಿದರು, ಒಬ್ಬರು ಮುಂದಿನ ತಿಂಗಳು ನೋಡೋಣ ಅಂದರು, ಇನ್ನೊಬ್ಬರು ಬೇಡ ಅಂದರು. ಬೇಡ ಅಂದವರ ಹತ್ತಿರವೇ ಜಾಸ್ತಿ ಹೊತ್ತು ಕೂತುಕೊಳ್ಳಿ. ಅವರ ಗಿರಾಕಿಗಳೆಲ್ಲಾ ಅದೇ ಬೀದಿಯವರು, ಬಾಗಿಲಲ್ಲಿ ನಿಂತು ಕೂಗಿ ಕರೆದರೆ ಸಾಕು. ನಮ್ಮ ಗಿರಾಕಿ ಯಾರು ಅಂತ ನಮಗೆ ತಿಳಿದದ್ದು ಆಗ: ದೂರದಿಂದ ಜನ ಬರುವ ಮೇನ್ ರೋಡ್ ಅಂಗಡಿಗಳು.

ಪ್ರತಿ ಸಲ ಹೊಸದನ್ನು ಮಾಡಿ ನೋಡುವ ಮುಂಚೆ, ಎಷ್ಟಾದರೆ ಮುಂದುವರಿಸುತ್ತೀರಿ, ಎಷ್ಟಕ್ಕಿಂತ ಕಡಿಮೆ ಆದರೆ ಬಿಡುತ್ತೀರಿ ಅಂತ ತಾರೀಕು ಹಾಕಿ ಬರೆದಿಡಿ. "10 ಅಂಗಡಿಯಲ್ಲಿ 4 ದುಡ್ಡು ಕೊಡಬೇಕು" ಅಂತ ಗೋಡೆಗೆ ಅಂಟಿಸಿದ್ದೆವು. ಬರೆದಿಡದಿದ್ದರೆ ಎರಡು ಬಂದರೂ ಸಾಕು ಅಂತ ಮನಸ್ಸು ಒಪ್ಪಿಬಿಡುತ್ತೆ. ಡೌನ್‌ಲೋಡ್, ಲೈಕ್ ಲೆಕ್ಕ ಬೇಡ. ಎರಡನೇ ತಿಂಗಳೂ ಯಾರು ದುಡ್ಡು ಕೊಟ್ಟರು ಅನ್ನುವುದನ್ನು ಎಣಿಸಿ.

ಇನ್ನು ಗಿರಾಕಿ "ಇದೂ ಸೇರಿಸಿ, ಅದೂ ಸೇರಿಸಿ" ಅಂದರೆ ಆಗಲಿ ಅಂತ ತಕ್ಷಣ ಒಪ್ಪಬೇಡಿ. "ಈಗ ಅದಿಲ್ಲದೆ ಹೇಗೆ ನಡೆಸ್ತಿದ್ದೀರಿ?" ಅಂತ ಕೇಳಿ. ಅರ್ಧಕ್ಕರ್ಧ ಬೇಡಿಕೆ ಅಲ್ಲೇ ನಿಲ್ಲುತ್ತೆ.

ಕೋಡ್ ಬರೆಯಬೇಕಾದದ್ದು ಕೈಯಲ್ಲಿ ಮಾಡಲು ಆಗದೇ ಹೋದಾಗ. ಹನ್ನೊಂದು ಅಂಗಡಿ ಆದ ಮೇಲೆ ನಮಗೆ ಮೆಸೇಜ್ ಕಳಿಸಿ ಮುಗಿಸುವಷ್ಟರಲ್ಲಿ ರಾತ್ರಿ ಹತ್ತು ದಾಟುತ್ತಿತ್ತು. ಆಗ ನಾಲ್ಕು ದಿನ ಕೂತು ಚೀಟಿಯ ಫೋಟೋ, ಫೋನ್ ನಂಬರ್, ಬಾಕಿ, ಒಂದು ಬಟನ್ ಇರುವ ಒಂದೇ ಪುಟ ಮಾಡಿದೆವು. ಅಳತೆ ಬರೆಯುವ ಜಾಗ ಅದರಲ್ಲಿ ಇವತ್ತಿಗೂ ಇಲ್ಲ.