ಒಂದು ಚೌಕದ ಗಿಡಗಳಿಂದ ಶ್ಯಾನನ್ ಲೆಕ್ಕದವರೆಗೆ

ಗಿಡ ಎಣಿಸಲು ಹೊರಟಾಗ ನನ್ನ ಕೈಯಲ್ಲಿ ಇರುವುದು ಒಂದು ಮೀಟರ್ ಅಗಲ-ಉದ್ದದ ಚೌಕಟ್ಟು, ನೋಟ್‌ಬುಕ್, ಪೆನ್ಸಿಲ್. ಪೆನ್ನು ಬೇಡ, ಇಬ್ಬನಿಗೆ ಶಾಯಿ ಹರಡುತ್ತದೆ. ಚೌಕಟ್ಟನ್ನು ಚೆನ್ನಾಗಿ ಕಾಣುವ ಜಾಗ ನೋಡಿ ಇಡಬೇಡಿ. ಎಲ್ಲಿಡಬೇಕು ಅಂತ ಮೊದಲೇ ಚೀಟಿ ಎತ್ತಿ ನಿರ್ಧರಿಸಿ. ಹೆಸರು ಗೊತ್ತಿಲ್ಲದ ಗಿಡವಿದ್ದರೆ 'ಗಿಡ 1', 'ಗಿಡ 2' ಅಂತ ಬರೆದು ಫೋಟೋ ತೆಗೆದಿಡಿ. ಬೇರೆ ಬೇರೆ ಅಂತ ಗುರುತಿಸಿದರೆ ಲೆಕ್ಕಕ್ಕೆ ಅಷ್ಟು ಸಾಕು.

ನನ್ನ ಒಂದು ದಿನದ ಎಣಿಕೆ ಹೀಗಿತ್ತು. ಎರಡು ಚೌಕ, ಎರಡರಲ್ಲೂ 100 ಗಿಡ, ಐದು ಪ್ರಭೇದ. ಮೊದಲನೆಯದು: 30, 25, 20, 15, 10. ಎರಡನೆಯದು: 92, 4, 2, 1, 1. ಪ್ರಭೇದಗಳ ಸಂಖ್ಯೆ ಮಾತ್ರ ಬರೆದರೆ ಎರಡೂ ಒಂದೇ. ಆದರೆ ಎರಡನೆಯ ಚೌಕದಲ್ಲಿ ಕಣ್ಣಿಗೆ ಬೀಳುವುದು ಒಂದೇ ಗಿಡ, ಅಲ್ವಾ? ಈ ವ್ಯತ್ಯಾಸ ಹಿಡಿಯಲಿಕ್ಕೇ ಸೂಚ್ಯಂಕ ಬೇಕು, ಅಂದರೆ ವೈವಿಧ್ಯವನ್ನು ಒಂದೇ ಅಂಕಿಯಲ್ಲಿ ಹೇಳುವ ಲೆಕ್ಕ.

ಶ್ಯಾನನ್ ಸೂಚ್ಯಂಕಕ್ಕೆ ಪ್ರತಿ ಪ್ರಭೇದದ ಪಾಲು ಹಿಡಿಯಿರಿ. 30 ಗಿಡ ಅಂದರೆ 0.30. ಆ ಪಾಲನ್ನು ಅದರದೇ ಸ್ವಾಭಾವಿಕ ಲಾಗ್‌ನಿಂದ (ಎಕ್ಸೆಲ್‌ನಲ್ಲಿ 'ಎಲ್‌ಎನ್') ಗುಣಿಸಿ. ಎಲ್ಲವನ್ನೂ ಕೂಡಿಸಿ, ಮೈನಸ್ ಗುರುತು ತೆಗೆಯಿರಿ. ಮೊದಲ ಚೌಕಕ್ಕೆ 1.54, ಎರಡನೆಯದಕ್ಕೆ 0.38 ಬರುತ್ತದೆ.

ಇಲ್ಲಿ ನಾನು ಒಮ್ಮೆ ಎಡವಿದ್ದೆ. ಎಕ್ಸೆಲ್‌ನಲ್ಲಿ 'ಎಲ್‌ಎನ್' ಬದಲು 'ಎಲ್‌ಓಜಿ' ಹಾಕಿದ್ದೆ. ಅದು 10ರ ಲಾಗ್. 1.54 ಇರಬೇಕಾದಲ್ಲಿ 0.67 ಬಂತು. ಹಳೆಯ ಎಣಿಕೆಯ ಜೊತೆ ಹೋಲಿಸಿ, ವೈವಿಧ್ಯ ಅರ್ಧಕ್ಕಿಂತ ಕೆಳಗೆ ಇಳಿದಿದೆ ಅಂತ ಗಾಬರಿಯಾದೆ. ಒಂದು ಗಿಡವೂ ಹೋಗಿರಲಿಲ್ಲ. ಅಂದಿನಿಂದ ಯಾವ ಲಾಗ್ ಅಂತ ಪಕ್ಕದಲ್ಲೇ ಬರೆಯುತ್ತೇನೆ.

ಸಮಹಂಚಿಕೆ, ಅಂದರೆ ಗಿಡಗಳು ಪ್ರಭೇದಗಳ ನಡುವೆ ಎಷ್ಟು ಸಮನಾಗಿ ಹಂಚಿವೆ ಅಂತ ಬೇಕಾದರೆ, ಶ್ಯಾನನ್ ಉತ್ತರವನ್ನು ಪ್ರಭೇದಗಳ ಸಂಖ್ಯೆಯ ಸ್ವಾಭಾವಿಕ ಲಾಗ್‌ನಿಂದ ಭಾಗಿಸಿ. ಐದರ ಲಾಗ್ 1.61. ಮೊದಲ ಚೌಕ 0.96, ಎರಡನೆಯದು 0.23. ಎಲ್ಲವೂ ಸಮನಾಗಿದ್ದರೆ 1 ಬರುತ್ತದೆ. ಇದು ಪಿಯೆಲೂ ಸೂಚ್ಯಂಕ.

ಸಂಖ್ಯಾಶಾಸ್ತ್ರಜ್ಞ ಸಿಂಪ್ಸನ್ 1949ರಲ್ಲಿ ಕೊಟ್ಟ ದಾರಿ ಇನ್ನೂ ಸುಲಭ. ಪಾಲುಗಳ ವರ್ಗ ಮಾಡಿ ಕೂಡಿಸಿ, 1ರಿಂದ ಕಳೆಯಿರಿ: 0.78 ಮತ್ತು 0.15. ಕಣ್ಣುಮುಚ್ಚಿ ಎರಡು ಗಿಡ ಆರಿಸಿದರೆ ಅವು ಬೇರೆ ಬೇರೆ ಪ್ರಭೇದ ಆಗಿರುವ ಸಂಭವ ಅದು. ಆದರೆ ಇದು ಜಾಸ್ತಿ ಇರುವವುಗಳ ಕಡೆ ವಾಲುತ್ತದೆ. ಒಂದೇ ಒಂದು ಗಿಡವಿರುವ ಪ್ರಭೇದದ ಸದ್ದೇ ಇದಕ್ಕೆ ಕೇಳುವುದಿಲ್ಲ. ಅಪರೂಪದ ಗಿಡಗಳ ಚಿಂತೆ ಇದ್ದರೆ ಶ್ಯಾನನ್ ನೋಡಿ.

ನನಗೆ ತುಂಬ ಇಷ್ಟವಾದದ್ದು ಕೊನೆಯ ಹೆಜ್ಜೆ. ಶ್ಯಾನನ್ ಉತ್ತರವನ್ನು ಎಕ್ಸೆಲ್‌ನ 'ಇಎಕ್ಸ್‌ಪಿ'ಗೆ ಹಾಕಿ, ಅದು 'ಎಲ್‌ಎನ್'ನ ಉಲ್ಟಾ ಲೆಕ್ಕ. ಮೊದಲ ಚೌಕ 4.7, ಎರಡನೆಯದು 1.5. ಅಂದರೆ ಐದು ಪ್ರಭೇದ ಇದ್ದರೂ ಎರಡನೆಯ ಚೌಕದ ವೈವಿಧ್ಯ ಒಂದೂವರೆ ಪ್ರಭೇದದಷ್ಟೇ. ಇದನ್ನು ಯಾರಿಗೆ ಹೇಳಿದರೂ ಅರ್ಥವಾಗುತ್ತದೆ.

ಒಂದು ಕಡೆ 40 ಗಿಡ, ಇನ್ನೊಂದು ಕಡೆ 100 ಎಣಿಸಿದ್ದರೆ ಪ್ರಭೇದಗಳ ಸಂಖ್ಯೆಯನ್ನು ಸುಮ್ನೆ ಹೋಲಿಸಬೇಡಿ. ಜಾಸ್ತಿ ಎಣಿಸಿದಷ್ಟೂ ಹೊಸ ಪ್ರಭೇದ ಸಿಗುತ್ತದೆ. 100ರ ಪಟ್ಟಿಯಿಂದ 40 ಗಿಡಗಳನ್ನು ಚೀಟಿ ಎತ್ತಿ ಆರಿಸಿ, ಎಷ್ಟು ಪ್ರಭೇದ ಬಂತು ನೋಡಿ. ಹೀಗೆ ಹಲವು ಸಲ ಮಾಡಿ ಸರಾಸರಿ ತೆಗೆದು, ಅದನ್ನು ಹೋಲಿಸಿ.