ವಿಮಾನ ಹಾರಾಟ ಮತ್ತು ಹ್ಯಾಮ್ ರೇಡಿಯೋ: ಎರಡನ್ನೂ ಜೊತೆಯಾಗಿ ಕಲಿಯುವ ಬಗೆ

ಜಕ್ಕೂರಿನ ಸಣ್ಣ ವಿಮಾನ ನಿಲ್ದಾಣದಲ್ಲಿ ಹಾರಾಟ ಕಲಿಯಬೇಕೆನ್ನುವವರೂ, ಮನೆಯ ತಾರಸಿಯ ಮೇಲೆ ಆಂಟೆನಾ ನಿಲ್ಲಿಸಿ ಹ್ಯಾಮ್ (ಪರವಾನಗಿ ಪಡೆದು ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತನಾಡುವವರು) ಆಗಬೇಕೆನ್ನುವವರೂ ಬೆಂಗಳೂರಿನಲ್ಲಿ ಸಾಕಷ್ಟಿದ್ದಾರೆ. ಈ ಎರಡೂ ಆಸೆಗಳು ಒಬ್ಬರಲ್ಲೇ ಇದ್ದರೆ ರೇಡಿಯೋದಿಂದ ಆರಂಭಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಹವ್ಯಾಸಿ ರೇಡಿಯೋ ಪರೀಕ್ಷೆಗೆ 12 ವರ್ಷ ತುಂಬಿದ್ದರೆ ಸಾಕು. ಖಾಸಗಿ ಪೈಲಟ್ ಪರವಾನಗಿಗಾದರೋ 17 ವರ್ಷ ತುಂಬಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ಅರ್ಹರೆನಿಸಬೇಕು ಮತ್ತು ಕನಿಷ್ಠ 40 ಗಂಟೆಗಳ ಹಾರಾಟ ಆಗಿರಬೇಕು. ಆ ಒಂದೊಂದು ಗಂಟೆಗೂ ಹಣ ತೆರಬೇಕು. ಮೊದಲೇ ರೇಡಿಯೋದಲ್ಲಿ ಪಳಗಿದ ಕಿವಿಯಿದ್ದರೆ ಆ ದುಬಾರಿ ಗಂಟೆಗಳಲ್ಲಿ ಗಮನವನ್ನೆಲ್ಲ ಹಾರಾಟಕ್ಕೇ ಕೊಡಬಹುದು.

ಒಂದರ ಪರವಾನಗಿ ಮತ್ತೊಂದಕ್ಕೆ ನಡೆಯುವುದಿಲ್ಲ ಎಂಬುದನ್ನು ಆರಂಭದಲ್ಲೇ ತಿಳಿದಿರಬೇಕು. ಭಾರತದ ವಿಮಾನಗಳ ನೋಂದಣಿಯಲ್ಲಿ ಕಾಣುವ ‘ವಿಟಿ’ ಮತ್ತು ಹ್ಯಾಮ್‌ಗಳ ಕರೆ ಸಂಕೇತದ ‘ವಿಯು’ ಇವೆರಡೂ ನಮ್ಮ ದೇಶಕ್ಕೆ ಹಂಚಿಕೆಯಾದ ಒಂದೇ ಅಕ್ಷರ ಸರಣಿಯಿಂದ ಬಂದವು. ಆದರೆ ಸಂಬಂಧ ಅಲ್ಲಿಗೇ ನಿಲ್ಲುತ್ತದೆ. ಹ್ಯಾಮ್ ಆದವರು ವಿಮಾನಯಾನದ ತರಂಗಾಂತರಗಳಲ್ಲಿ ಪ್ರಸಾರದ ಗುಂಡಿ ಒತ್ತುವಂತಿಲ್ಲ, ಪೈಲಟ್ ಆದವರು ಹವ್ಯಾಸಿಗಳ 144–146 ಮೆಗಾಹರ್ಟ್ಸ್ ಪಟ್ಟಿಯಲ್ಲಿ (ಬ್ಯಾಂಡ್‌ನಲ್ಲಿ) ಮಾತನಾಡುವಂತಿಲ್ಲ. ಪೈಲಟ್‌ಗೆ ರೇಡಿಯೋ ಬಳಕೆಗಾಗಿ ಆರ್‌ಟಿಆರ್-ಎ ಎಂಬ ಬೇರೆಯೇ ಪರೀಕ್ಷೆಯಿದೆ. ಅದರಲ್ಲಿ ಮಾತಿನ ಕ್ರಮದ ಜೊತೆಗೆ ರೇಡಿಯೋ ತತ್ತ್ವಗಳ ಬಗ್ಗೆಯೂ ಪ್ರಶ್ನೆಗಳು ಬರುವುದರಿಂದ, ಹ್ಯಾಮ್ ಪರೀಕ್ಷೆಗೆ ಓದಿದ್ದು ಇಲ್ಲಿ ಮತ್ತೆ ನೆರವಿಗೆ ಬರುತ್ತದೆ.

ಹ್ಯಾಮ್ ಪರವಾನಗಿಯಲ್ಲಿ ನಿರ್ಬಂಧಿತ ಮತ್ತು ಸಾಮಾನ್ಯ ಎಂಬ ಎರಡು ದರ್ಜೆಗಳಿವೆ. ಸಾಮಾನ್ಯ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ (ಅಕ್ಷರಗಳನ್ನು ಚುಕ್ಕೆ-ಗೆರೆಗಳ ಸದ್ದಾಗಿ ಕಳಿಸುವ ಸಂಕೇತ) ಬರಬೇಕಾದ್ದರಿಂದ ಅನೇಕರು ನಿರ್ಬಂಧಿತ ದರ್ಜೆಯಲ್ಲೇ ನಿಂತುಬಿಡುತ್ತಾರೆ. ಹಾರಾಟದ ಮನಸ್ಸಿರುವವರು ಹಾಗೆ ಮಾಡಬಾರದು. ವಿಮಾನಗಳಿಗೆ ದಿಕ್ಕು ತೋರುವ ವಿಒಆರ್ ಮತ್ತು ಎನ್‌ಡಿಬಿ ಎಂಬ ನೆಲದ ರೇಡಿಯೋ ಕೇಂದ್ರಗಳು ಇಂದಿಗೂ ತಮ್ಮ ಗುರುತನ್ನು ಮೋರ್ಸ್‌ನಲ್ಲೇ ಸಾರುತ್ತವೆ, ಮತ್ತು ಯಾವ ಕೇಂದ್ರವನ್ನು ನಂಬಿ ಹಾರುತ್ತಿದ್ದೇವೆ ಎಂಬುದನ್ನು ಪೈಲಟ್ ಕಿವಿಯಿಂದ ಕೇಳಿ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ನಕಾಶೆಯಲ್ಲಿ ಚುಕ್ಕೆ-ಗೆರೆಗಳನ್ನು ಮುದ್ರಿಸಿರುತ್ತಾರೆ, ನಿಜ. ಆದರೂ ತಲೆ ತಗ್ಗಿಸಿ ನಕಾಶೆ ಓದುವುದಕ್ಕಿಂತ ಕೇಳಿದೊಡನೆ ಗುರುತಿಸುವುದು ಎಷ್ಟೋ ಸುಲಭ.

ಎ, ಬಿ, ಸಿಗಳನ್ನು ತಪ್ಪಿಲ್ಲದೆ ಹೇಳಲು ಬಳಸುವ ಆಲ್ಫಾ, ಬ್ರಾವೋ, ಚಾರ್ಲಿ ಎಂಬ ಅಕ್ಷರಮಾಲೆಯನ್ನು ಮೊದಲ ವಾರದಲ್ಲೇ ಬಾಯಿಪಾಠ ಮಾಡಿಕೊಳ್ಳಬೇಕು. 1956ರಿಂದ ವಿಮಾನಯಾನದಲ್ಲಿ ಜಾರಿಯಲ್ಲಿರುವ ಇದನ್ನೇ ಹ್ಯಾಮ್‌ಗಳೂ ಬಳಸುತ್ತಾರೆ. ಕ್ಯೂ ಅಕ್ಷರದಿಂದ ಆರಂಭವಾಗುವ ಮೂರಕ್ಷರದ ಚುಟುಕು ಸಂಕೇತಗಳ ವಿಚಾರದಲ್ಲಿ ಸ್ವಲ್ಪ ಎಚ್ಚರ ಬೇಕು. ಕ್ಯೂಎಎ-ಯಿಂದ ಕ್ಯೂಎನ್‌ಝಡ್‌ವರೆಗಿನ ಸರಣಿ ವಿಮಾನಯಾನಕ್ಕೆ ಮೀಸಲು, ಕ್ಯೂಆರ್‌ಎ-ಯಿಂದ ಕ್ಯೂಯುಝಡ್‌ವರೆಗಿನದು ಎಲ್ಲ ಸೇವೆಗಳಿಗೂ ಸೇರಿದ್ದು. ಹ್ಯಾಮ್‌ಗಳು ದಿನವೂ ಬಳಸುವ ಕ್ಯೂಟಿಎಚ್ (ಇರುವ ಸ್ಥಳ), ಕ್ಯೂಎಸ್‌ಎಲ್ (ಸಂದೇಶ ತಲುಪಿತು) ಎರಡನೆಯ ಸರಣಿಯವು. ಪೈಲಟ್‌ಗಳು ಕೇಳಿ ಬರೆದುಕೊಳ್ಳುವ ಕ್ಯೂಎನ್‌ಎಚ್ ಮೊದಲನೆಯದರದು. ಕ್ಯೂಎನ್‌ಎಚ್ ಎಂದರೆ ಎತ್ತರ ತೋರಿಸುವ ಆಲ್ಟಿಮೀಟರ್‌ನಲ್ಲಿ ಹೊಂದಿಸಬೇಕಾದ ವಾಯುಒತ್ತಡ: ಅದನ್ನು ಸರಿಯಾಗಿ ಹೊಂದಿಸಿದಾಗ ಬೆಂಗಳೂರಿನ ನೆಲದ ಮೇಲೆ ನಿಂತಿರುವ ವಿಮಾನದ ಆಲ್ಟಿಮೀಟರ್ ಸುಮಾರು 3,000 ಅಡಿ ತೋರಿಸುತ್ತದೆ.

ಇನ್ನು ತಾರಸಿಯ ಕೆಲಸ. ಹವ್ಯಾಸಿಗಳ 145 ಮೆಗಾಹರ್ಟ್ಸ್‌ಗೆ ಕಾಲು ತರಂಗದ (ತರಂಗದ ಉದ್ದದ ನಾಲ್ಕನೇ ಒಂದು ಭಾಗದ) ಆಂಟೆನಾ ಸುಮಾರು 49 ಸೆಂಟಿಮೀಟರ್ ಉದ್ದವಿರಬೇಕು. ವಿಮಾನಗಳ ಮಾತುಕತೆ ನಡೆಯುವ 118–137 ಮೆಗಾಹರ್ಟ್ಸ್ ಪಟ್ಟಿಯ ನಡುಭಾಗಕ್ಕೆ ಸುಮಾರು 56 ಸೆಂಟಿಮೀಟರ್. ನಡುವೆ ಒಂದು ನೆಟ್ಟಗಿನ ಕಡ್ಡಿ, ಬುಡದಲ್ಲಿ 45 ಡಿಗ್ರಿ ಕೆಳಕ್ಕೆ ಬಾಗಿಸಿದ ಅಷ್ಟೇ ಉದ್ದದ ನಾಲ್ಕು ಕಡ್ಡಿಗಳು, ಜೊತೆಗೆ 50 ಓಮ್‌ನ ಕೋಆಕ್ಸಿಯಲ್ ಕೇಬಲ್ ಇದ್ದರೆ ಆಂಟೆನಾ ಸಿದ್ಧ. ಎರಡೂ ಪಟ್ಟಿಗಳಲ್ಲಿ ಲಂಬ ಧ್ರುವೀಕರಣವನ್ನೇ (ನೆಟ್ಟಗೆ ನಿಂತ ಆಂಟೆನಾದ ತರಂಗಗಳನ್ನೇ) ಬಳಸುವುದರಿಂದ ರಚನೆಯಲ್ಲಿ ಬೇರೇನೂ ಬದಲಾಗದು. ರಿಸೀವರ್ ಕೊಳ್ಳುವಾಗ ಮಾತ್ರ ಅದು ಎಎಂ (ಆಂಪ್ಲಿಟ್ಯೂಡ್ ಮಾಡ್ಯುಲೇಷನ್) ಬಗೆಯ ಪ್ರಸಾರವನ್ನು ಗ್ರಹಿಸುತ್ತದೆಯೇ ಎಂದು ನೋಡಬೇಕು. ಹವ್ಯಾಸಿಗಳು ತಮ್ಮ ಪಟ್ಟಿಯಲ್ಲಿ ಹೆಚ್ಚಾಗಿ ಎಫ್‌ಎಂ ಬಳಸಿದರೆ ವಿಮಾನಯಾನ ಇಂದಿಗೂ ಎಎಂ ಅನ್ನೇ ಉಳಿಸಿಕೊಂಡಿದೆ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಪ್ರಬಲವಾದ ಸಂಕೇತ ದುರ್ಬಲವಾದುದನ್ನು ಪೂರ್ತಿ ನುಂಗಿಹಾಕಬಹುದು. ಎಎಂನಲ್ಲಿ ಎರಡೂ ಬೆರೆತು ಸಿಳ್ಳೆಯಂತೆ ಕೇಳಿಸುವುದರಿಂದ, ಮತ್ತೊಬ್ಬರು ಕರೆಯುತ್ತಿದ್ದಾರೆಂಬುದಾದರೂ ನೆಲದ ಮೇಲಿನ ವಿಮಾನ ಸಂಚಾರ ನಿಯಂತ್ರಕರಿಗೆ ತಿಳಿಯುತ್ತದೆ.

ವ್ಯಾಪ್ತಿಯನ್ನು ನಿರ್ಧರಿಸುವುದು ಮುಖ್ಯವಾಗಿ ಎತ್ತರ. ಮೀಟರ್‌ನಲ್ಲಿ ಅಳೆದ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ (ಸಂಕೇತ ನೇರವಾಗಿ ತಲುಪಬಲ್ಲ ದೂರ) ಕಿಲೋಮೀಟರ್‌ಗಳಲ್ಲಿ ಸಿಗುತ್ತದೆ. ಹನ್ನೆರಡು ಮೀಟರ್ ಎತ್ತರದ ತಾರಸಿಗೆ ಅದು ಸುಮಾರು 14 ಕಿ.ಮೀ., 3,000 ಮೀಟರ್ ಎತ್ತರದ ವಿಮಾನಕ್ಕೆ ಸುಮಾರು 225 ಕಿ.ಮೀ. ಜಯನಗರದ ತಾರಸಿಯಲ್ಲಿ ಕುಳಿತವರಿಗೆ ದೂರದ ಆಕಾಶದಲ್ಲಿರುವ ಪೈಲಟ್‌ನ ಉತ್ತರ ಸ್ಪಷ್ಟವಾಗಿ ಕೇಳಿಸಿ, ದೇವನಹಳ್ಳಿಯ ವಿಮಾನ ನಿಲ್ದಾಣದ ನೆಲದಿಂದ ಹೊರಟ ನಿಯಂತ್ರಕರ ಪ್ರಶ್ನೆ ಕೇಳಿಸದಿರುವುದಕ್ಕೆ ಇದೇ ಕಾರಣ. ವಾಯುಪಡೆಯ ಪೈಲಟ್ ಶುಭಾಂಶು ಶುಕ್ಲಾ ಅವರು 2025ರ ಜುಲೈಯಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದೊಡನೆ ಹ್ಯಾಮ್ ರೇಡಿಯೋ ಮೂಲಕ ಮಾತನಾಡಿದ್ದರು. ಸುಮಾರು 400 ಕಿ.ಮೀ. ಎತ್ತರದ ಆ ನಿಲ್ದಾಣ ನಮ್ಮ ಮೇಲೆ ಹಾದುಹೋಗುವಾಗ 145.800 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ನಡೆಸುತ್ತಿದ್ದರೆ, ಮೇಲೆ ಹೇಳಿದ 49 ಸೆಂಟಿಮೀಟರ್ ಆಂಟೆನಾಗೂ ಅದು ಸಿಗುತ್ತದೆ.

ಆಲಿಸಿದ ಮಾತುಕತೆಯನ್ನು ಧ್ವನಿಮುದ್ರಿಸಿ ಹಂಚಬಾರದು; ಅದು ಮತ್ತೊಬ್ಬರಿಗಾಗಿ ಆಡಿದ ಮಾತು.

ಎರಡೂ ಕಡೆ ಓಡಾಡುವವರಿಗೆ ನಿಜವಾಗಿ ತೊಡಕಾಗುವುದು ಮಾತಿನ ರೂಢಿ. ಹ್ಯಾಮ್‌ಗಳು ಹವಾಮಾನ, ಆಂಟೆನಾ, ಊಟದವರೆಗೂ ಹರಟಿ ಕೊನೆಗೆ 73 (ಶುಭಾಶಯಗಳು) ಹೇಳಿ ವಿದಾಯ ಪಡೆಯುತ್ತಾರೆ. ಜಕ್ಕೂರಿನ ತರಂಗಾಂತರದಲ್ಲಿ ಅಂಥ ಸಲಿಗೆಗೆ ಎಡೆಯಿಲ್ಲ. ಅಲ್ಲಿ ಯಾರನ್ನು ಕರೆಯುತ್ತಿದ್ದೇನೆ, ನಾನು ಯಾರು, ಎಲ್ಲಿದ್ದೇನೆ, ಏನು ಬೇಕು ಎಂಬಷ್ಟನ್ನು ಹೇಳಿ ಗುಂಡಿ ಬಿಡಬೇಕು, ಮತ್ತು ರನ್‌ವೇ, ಎತ್ತರ, ಕ್ಯೂಎನ್‌ಎಚ್, ಹೊಸ ತರಂಗಾಂತರ ಇವುಗಳಲ್ಲಿ ಯಾವುದನ್ನು ನಿಯಂತ್ರಕರು ಹೇಳಿದರೂ ಅದನ್ನು ಅವರಿಗೆ ತಿರುಗಿ ಓದಿ ಹೇಳಬೇಕು. ಮತ್ತೊಬ್ಬರ ಮಾತು ಮುಗಿಯುವವರೆಗೆ ಕಾಯುವ ಹ್ಯಾಮ್‌ನ ಅಭ್ಯಾಸ ಮಾತ್ರ ಇಲ್ಲಿಗೂ ಹಾಗೆಯೇ ಸಲ್ಲುತ್ತದೆ.

ಹ್ಯಾಂಡ್‌ಸೆಟ್ ಹಿಡಿದು ವಿಮಾನದೊಳಗಿಂದ ಹ್ಯಾಮ್‌ಗಳೊಡನೆ ಮಾತನಾಡುವ ಆಸೆ ಎಲ್ಲರಿಗೂ ಬರುತ್ತದೆ. ಪ್ರಯಾಣಿಕರ ವಿಮಾನದಲ್ಲಿ ಅದನ್ನು ಮರೆತುಬಿಡುವುದೇ ಸರಿ. ಸಣ್ಣ ವಿಮಾನದಲ್ಲಾದರೂ ಸಂಬಂಧಪಟ್ಟ ಇಲಾಖೆಯ ಲಿಖಿತ ಅನುಮತಿ ಮತ್ತು ಪೈಲಟ್‌ನ ಒಪ್ಪಿಗೆ ಎರಡೂ ಇರಬೇಕು, ಮಾತನಾಡುವವರು ವಿಮಾನ ನಡೆಸುತ್ತಿರಬಾರದು. ಶಕ್ತಿಯನ್ನು ಅತಿ ಕಡಿಮೆಗೆ ಇಳಿಸಿ, ರಿಪೀಟರ್‌ಗಳನ್ನು (ಸಂಕೇತವನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರಗಳನ್ನು) ಬಿಟ್ಟು ನೇರ ಸಂಪರ್ಕದ ತರಂಗಾಂತರವನ್ನೇ ಬಳಸಬೇಕು. ಏಕೆಂದರೆ ಸಾವಿರ ಮೀಟರ್ ಎತ್ತರದಿಂದ ಹೊರಟ ಸಂಕೇತ ಸುತ್ತಲೂ ಸುಮಾರು 130 ಕಿ.ಮೀ. ದೂರದವರೆಗೆ ಒಂದೇ ತರಂಗಾಂತರದ ಹಲವು ರಿಪೀಟರ್‌ಗಳನ್ನು ಒಮ್ಮೆಲೇ ಎಬ್ಬಿಸಿ, ನೆಲದ ಮೇಲಿರುವ ಉಳಿದ ಹ್ಯಾಮ್‌ಗಳ ಮಾತನ್ನೆಲ್ಲ ಕೆಡಿಸಬಹುದು.